ಕಾವ್ಯಾನಂದರ ಗುರುತಿನ ಹಾಡು ಯಾವುದು?

‘ಕಾವ್ಯಾನಂದ’ ಎಂಬ ಕಾವ್ಯನಾಮದಿಂದ ಬರೆದ ಡಾ. ಸಿದ್ಧಯ್ಯ ಪುರಾಣಿಕರು (1918-1994) ಯಲಬುರ್ಗಾ ತಾಲೂಕಿನ ದ್ಯಾಂಪುರದವರು. ಕವಿ, ವಚನಕಾರ, ಕಾದಂಬರಿಕಾರ, ಮಕ್ಕಳ ಸಾಹಿತಿ. ವೃತ್ತಿಯಲ್ಲಿ ಐಎಎಸ್ ಅಧಿಕಾರಿ. 1987ರಲ್ಲಿ ಕಲಬುರಗಿಯಲ್ಲಿ ಜರುಗಿದ 58ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಇಷ್ಟು ವಿವರ ಯಾವುದೇ ಕವಿಚರಿತೆಯಲ್ಲಿ ದೊರೆಯುತ್ತದೆ. ಆದರೆ ಇವರ ಗುರುತಿನ ಹಾಡು ಯಾವುದೆಂಬ ಪ್ರಶ್ನೆಗೆ ಕವಿಚರಿತೆಗಳಲ್ಲಿ ಉತ್ತರವಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಾವ್ಯಾಭಿಮಾನಿಗಳನ್ನು ಕೇಳಿದರೂ ಒಂದೇ ಉತ್ತರ ಬರುವುದು ಕಷ್ಟ.

ಹೆಚ್ಚು ಮತ ಬೀಳುವುದು ‘ಮೊದಲು ಮಾನವನಾಗು’ ಕವಿತೆಗೇ. ಯಾವ ಧರ್ಮದವನಾದರೂ ಸರಿ, ಯಾವ ಉದ್ಯೋಗ, ಯಾವ ಅಧಿಕಾರ ಹಿಡಿದರೂ ಸರಿ, ಎಲ್ಲಕ್ಕೂ ಮುಂಚೆ ಪೂರೈಸಬೇಕಾದ ಒಂದು ಷರತ್ತಿದೆ ಎಂಬುದು ಅದರ ತಿರುಳು. ಅದೇ ಹೆಸರಿನ ಕವನ ಸಂಕಲನವೂ ಇದೆ. ಶಾಲೆಯ ಗೋಡೆ, ಭಾಷಣದ ಮುಕ್ತಾಯ, ಬೀಳ್ಕೊಡುಗೆಯ ಹಿತನುಡಿ ಎಲ್ಲಕ್ಕೂ ಹೊಂದುವ ಮಾತಾದ್ದರಿಂದ ಅದು ಕವಿತೆಯಿಂದ ಕಳಚಿಕೊಂಡು ಗಾದೆಯಂತೆ ಓಡಾಡುತ್ತಿದೆ. ಗಾದೆಗೆ ಕರ್ತೃವಿನ ಹಂಗಿಲ್ಲ. ಈ ಮಾತನ್ನು ಬಾಯಿಪಾಠವಾಗಿ ಒಪ್ಪಿಸುವವರಲ್ಲಿ ಬರೆದವರ ಹೆಸರು ಹೇಳಬಲ್ಲವರು ಎಷ್ಟು ಮಂದಿ? ಹೇಳಹೊರಟವರೂ ಒಮ್ಮೊಮ್ಮೆ ಹೆಚ್ಚು ಪ್ರಸಿದ್ಧನಾದ ಬೇರೊಬ್ಬ ಕವಿಯ ಹೆಸರನ್ನು ಹೇಳಿಬಿಡುತ್ತಾರೆ. ದ್ಯಾಂಪುರದ ಅಭಿಮಾನಿಗಳ ಅಸಮಾಧಾನಕ್ಕೆ ಇದು ಮೊದಲ ಕಾರಣ.

ಎರಡನೆಯ ಪಕ್ಷದವರು ‘ಹೊತ್ತಿತೋ ಹೊತ್ತಿತು ಕನ್ನಡದ ದೀಪ’ ಗೀತೆಯನ್ನು ಮುಂದಿಡುತ್ತಾರೆ. ಇದನ್ನು ರಾಜ್ಯೋತ್ಸವದ ಹತ್ತು ಹಾಡುಗಳಲ್ಲಿ ಒಂದೆಂದು ಕೇಳಿದರೆ ಅದರ ಮಹತ್ವ ತಿಳಿಯದು. ಡಿ.ಎಸ್. ಕರ್ಕಿಯವರ ‘ಹಚ್ಚೇವು ಕನ್ನಡದ ದೀಪ’ವೂ ಅದೇ ರೂಪಕದ್ದಾದುದರಿಂದ ಎರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಬೆಳಗಾವಿ ಜಿಲ್ಲೆಯ ಕರ್ಕಿಯವರು ಬೆಳೆದದ್ದು ಮುಂಬಯಿ ಪ್ರಾಂತದ ಆಳ್ವಿಕೆಯಲ್ಲಿ, ಪುರಾಣಿಕರು ಬೆಳೆದದ್ದು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ. ದೀಪದ ರೂಪಕ ಒಂದೇ ಆದರೂ ಅವರು ಕಂಡ ಕತ್ತಲೆಗಳು ಬೇರೆ.

ಈ ಹಿನ್ನೆಲೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೊಪ್ಪಳ ಆಗ ಸಾಲಾರ್‌ಜಂಗ್ ಮನೆತನದ ಜಹಗೀರು. ಸರ್ಕಾರದ ಕಾಗದ, ನ್ಯಾಯಾಲಯದ ಕಲಾಪ, ಮೇಲ್ತರಗತಿಯ ಪಾಠ ಎಲ್ಲವೂ ಉರ್ದುವಿನಲ್ಲಿ. ಪುರಾಣಿಕರು ಹುಟ್ಟಿದ 1918ರಲ್ಲೇ ಹೈದರಾಬಾದಿನಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮುಂದೆ ಅವರು ಪದವಿ ಪಡೆದದ್ದೂ ಅಲ್ಲಿಯೇ. ಅವರ ಪಾಲಿಗೆ ಕನ್ನಡ ಉಳಿದದ್ದು ಮನೆಯಲ್ಲಿ. ತಂದೆ ಪಂಡಿತ ಕಲ್ಲಿನಾಥ ಶಾಸ್ತ್ರಿಗಳು ಪುರಾಣ ರಚಿಸಿದ, ಪುರಾಣ ಹೇಳಿದ ವಿದ್ವಾಂಸರು. ಶಾಲೆಯಲ್ಲಿ ಒಂದು ಲಿಪಿ, ಮನೆಯ ಪಡಸಾಲೆಯಲ್ಲಿ ಇನ್ನೊಂದು ಎಂಬ ಸ್ಥಿತಿಯಲ್ಲಿ ಬೆಳೆದ ಹುಡುಗ ಮುಂದೆ ಉರ್ದುವನ್ನು ದ್ವೇಷಿಸಲಿಲ್ಲ ಎಂಬುದೂ ಗಮನಾರ್ಹ. ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿದ್ದು 1948ರ ಸೆಪ್ಟೆಂಬರ್‌ನಲ್ಲಿ. ಈ ಭಾಗ ಮೈಸೂರು ರಾಜ್ಯದೊಂದಿಗೆ ಒಂದಾದದ್ದು 1956ರ ನವೆಂಬರ್ 1ರಂದು. ಈ ಇತಿಹಾಸ ಬಲ್ಲವರ ಕಿವಿಗೆ ‘ಹೊತ್ತಿತು’ ಎಂಬ ಭೂತಕಾಲದ ಕ್ರಿಯಾಪದ ಬೇರೆಯಾಗಿಯೇ ಕೇಳಿಸುತ್ತದೆ. ಅದು ಹಾರೈಕೆಯಲ್ಲ, ವರದಿ. ಕರ್ಕಿಯವರದು ‘ಹಚ್ಚುತ್ತೇವೆ’ ಎಂಬ ಸಂಕಲ್ಪವಾದರೆ ಪುರಾಣಿಕರದು ‘ಹೊತ್ತಿಕೊಂಡಿತು’ ಎಂಬ ಸಂಭ್ರಮ. ಈ ಒಂದು ವ್ಯತ್ಯಾಸಕ್ಕಾಗಿಯೇ, ಹೈದರಾಬಾದ್ ಕರ್ನಾಟಕದ ಕವಿಯಾಗಿ ಅವರನ್ನು ಪ್ರತಿನಿಧಿಸಲು ದೀಪದ ಹಾಡಿಗಿರುವ ಅರ್ಹತೆ ಮಾನವನ ಹಾಡಿಗಿಂತ ಹೆಚ್ಚು ಎನ್ನಬೇಕು.

ಆದರೆ ಮಾನವನ ಹಾಡಿನ ಪಕ್ಷದವರ ವಾದವೂ ಹಗುರವಾದದ್ದಲ್ಲ. ಅದನ್ನು ಬರೆದವರು ಆಡಳಿತಗಾರರು. ಧರ್ಮ, ವೃತ್ತಿ, ಪದವಿಗಳ ಪಟ್ಟಿಯನ್ನು ದಿನವೂ ಕಡತಗಳಲ್ಲಿ ಕಂಡವರು. ಗೋಡೆಯ ಮೇಲೆ ನೀತಿವಾಕ್ಯದಂತೆ ಕಾಣುವ ಮಾತನ್ನು ಅಧಿಕಾರದ ಕುರ್ಚಿಯಲ್ಲಿ ಕುಳಿತವನು ತನಗೇ ಹೇಳಿಕೊಂಡದ್ದೆಂದು ಓದಿದರೆ ಅದರ ತೂಕ ಬದಲಾಗುತ್ತದೆ. ಹೀಗಾಗಬೇಕಾದರೆ ಕವಿಯ ಹೆಸರು ಕವಿತೆಯ ಜೊತೆಗಿರಬೇಕು.

ವಚನಗಳನ್ನು ಮೆಚ್ಚುವವರು ಈ ಎರಡೂ ಪಕ್ಷಗಳಿಂದ ದೂರ. ‘ವಚನೋದ್ಯಾನ’ ಮೊದಲಾದ ಸಂಗ್ರಹಗಳಲ್ಲಿ ಪುರಾಣಿಕರು ‘ಸ್ವತಂತ್ರಧೀರ ಸಿದ್ಧೇಶ್ವರ’ ಎಂಬ ಅಂಕಿತದಲ್ಲಿ ಆಧುನಿಕ ವಚನಗಳನ್ನು ರಚಿಸಿದ್ದಾರೆ. ಗಾಯಕರ ಕೊರಳಿಗೆ ಅವು ಅಷ್ಟಾಗಿ ಸಿಕ್ಕಿಲ್ಲ, ಹಾಗಾಗಿ ಹಾಡಿನ ಸ್ಪರ್ಧೆಯಲ್ಲಿ ಹಿಂದೆ ಬೀಳುತ್ತವೆ. ಒಂದು ವೈಚಿತ್ರ್ಯವನ್ನು ಇಲ್ಲಿ ಗಮನಿಸಬಹುದು. ಹೆಚ್ಚು ಜನರನ್ನು ತಲುಪದ ಈ ವಚನಗಳಲ್ಲಿ ಅಂಕಿತದ ರೂಪದಲ್ಲಿ ಕರ್ತೃ ಭದ್ರವಾಗಿ ಉಳಿದಿದ್ದಾನೆ. ರಾಜ್ಯದ ತುಂಬ ಹಬ್ಬಿದ ಹಾಡುಗಳಲ್ಲಿ ಅಂಕಿತವಿಲ್ಲ, ಅಲ್ಲಿ ಕರ್ತೃ ಕಳೆದುಹೋಗಿದ್ದಾನೆ.

ಕಾದಂಬರಿ ‘ತ್ರಿಭುವನಮಲ್ಲ’, ಗದ್ಯಕೃತಿ ‘ಶರಣಚರಿತಾಮೃತ’ಗಳ ಮಾತು ಈ ಚರ್ಚೆಯಲ್ಲಿ ಬರುವುದಿಲ್ಲ.

ಇಷ್ಟೆಲ್ಲ ವಾದ ನಡೆಯುವಾಗ ಸದ್ದಿಲ್ಲದೆ ಗೆಲ್ಲುವ ಹಾಡು ಇನ್ನೊಂದಿದೆ. ಅದು ‘ಅಜ್ಜನ ಕೋಲು’. ಅಜ್ಜನ ಊರುಗೋಲು ಮೊಮ್ಮಗನ ಕೈಗೆ ಬಂದು ಕುದುರೆಯಾಗುವ ಈ ಶಿಶುಗೀತೆ ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಕಲಿತ ಹಲವು ತಲೆಮಾರುಗಳ ನೆನಪಿನಲ್ಲಿದೆ. ‘ತುಪ್ಪ ರೊಟ್ಟಿ ಗೇ ಗೇ ಗೇ’ಯಂತಹ ಶೀರ್ಷಿಕೆಯನ್ನು ಮಕ್ಕಳ ಪುಸ್ತಕಕ್ಕೆ ಇಟ್ಟ ಕವಿಗೆ ಮಗುವಿನ ನಾಲಿಗೆಯ ಲಯ ಚೆನ್ನಾಗಿ ಗೊತ್ತಿತ್ತು. ಅದರಲ್ಲಿ ಉಪದೇಶವಿಲ್ಲ, ನಾಡು-ನುಡಿಯ ಘೋಷಣೆಯಿಲ್ಲ, ಕುಣಿತವಷ್ಟೇ ಇದೆ. ಗಂಭೀರ ವಿಮರ್ಶಕರು ಶಿಶುಗೀತೆಯನ್ನು ಕವಿಯ ಪ್ರಾತಿನಿಧಿಕ ರಚನೆಯೆಂದು ಒಪ್ಪಲು ಹಿಂಜರಿಯುತ್ತಾರೆ. ಆದರೆ ಉಳಿದೆರಡು ಹಾಡುಗಳನ್ನು ವೇದಿಕೆಗಾಗಿ ಅಭ್ಯಾಸ ಮಾಡಬೇಕಾಗುತ್ತದೆ. ಇದನ್ನು ಐವತ್ತು ದಾಟಿದವರೂ ತಡವರಿಸದೆ ಹೇಳುತ್ತಾರೆ. ಬರೆದವರು ಯಾರೆಂದು ಕೇಳಿದಾಗ ಮಾತ್ರ ಅವರೂ ಒಂದು ಕ್ಷಣ ಸುಮ್ಮನಾಗುತ್ತಾರೆ.