ಬಳ್ಳಿಗೆ ತಕ್ಕ ಆಸರೆ: ಹಾಲುವಾಣದಿಂದ ಕಾಂಕ್ರೀಟ್ ಕಂಬದವರೆಗೆ

ಮನೆ ಕಟ್ಟಿಸುವವರು ಈಗ ನಕ್ಷೆಯಲ್ಲೇ ಪರ್ಗೋಲಾ ಹಾಕಿಸಿಕೊಳ್ಳುತ್ತಾರೆ. ಅದರ ಮೇಲೆ ಯಾವ ಬಳ್ಳಿ ಹಬ್ಬಿಸುತ್ತೀರಿ ಎಂದರೆ, ನರ್ಸರಿಯಲ್ಲಿ ನೋಡಿ ತಂದರಾಯಿತು ಅನ್ನುವ ಉತ್ತರ. ನಮ್ಮ ಎಲೆತೋಟದವರದು ಇದಕ್ಕೆ ತದ್ವಿರುದ್ಧ ರೀತಿ. ಬಳ್ಳಿ ಹೇಗೆ ಹತ್ತುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆಸರೆ ಅದನ್ನು ಅನುಸರಿಸಿ ಬರುತ್ತಿತ್ತು.

ವೀಳ್ಯದೆಲೆ, ಕರಿಮೆಣಸು ಎರಡೂ ಒಂದೇ ಕುಲದವು. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ತೊಗಟೆಗೆ ಅಂಟಿಕೊಳ್ಳುತ್ತವೆ. ಆದ್ದರಿಂದ ಅವಕ್ಕೆ ಬೇಕಾದದ್ದು ತಂತಿಯಲ್ಲ, ತೇವ ಹಿಡಿಯುವ ತೊಗಟೆ. ಎಲೆಬಳ್ಳಿಗೆ ಅಗಸೆ, ನುಗ್ಗೆ, ಹಾಲುವಾಣ ನೆಟ್ಟರು; ಬಳ್ಳಿಯನ್ನು ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿದರು. ಅಗಸೆ, ಹಾಲುವಾಣ ದ್ವಿದಳ ಜಾತಿಯವು, ಮಣ್ಣಿಗೆ ಸಾರಜನಕ ಕೊಡುತ್ತವೆ. ಬೇಸಗೆಯಲ್ಲಿ ನೆರಳು, ಮಳೆಗೆ ಮೊದಲು ಕೊಂಬೆ ಸವರಿದರೆ ಬೆಳಕು. ಹೀಗೆ ಕಂಬವೂ ಗೊಬ್ಬರವೂ ಕೊಡೆಯೂ ಒಂದೇ ಮರ. ಮಲೆನಾಡಿನಲ್ಲಿ ಅಡಿಕೆ ಮರವೇ ಮೆಣಸಿಗೆ ಆಸರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್. ಜೀವಂತ ಕಂಬಕ್ಕೂ ರೋಗ ತಪ್ಪಿದ್ದಲ್ಲ. 2005ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ಕಾಣಿಸಿಕೊಂಡ ಗಂಟುಕಣಜ ಹಾಲುವಾಣದ ಎಲೆ, ಕುಡಿಗಳನ್ನು ಗಂಟುಗಟ್ಟಿಸಿ ಮೆಣಸಿನ ಬೆಳೆಗಾರರನ್ನು ಬೇರೆ ಮರ ಹುಡುಕುವಂತೆ ಮಾಡಿತು.

ಚಪ್ಪರದ ದಾರಿಯೇ ಬೇರೆ, ಅದೂ ಹಳೆಯದೇ. ಈಜಿಪ್ಟಿನ ಥೀಬ್ಸ್‌ನಲ್ಲಿ, ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ನಖ್ತ್‌ನ ಸಮಾಧಿಯ ಗೋಡೆಯಲ್ಲಿ ಆಳುಗಳು ಚಪ್ಪರದಡಿ ನಿಂತು ದ್ರಾಕ್ಷಿ ಕೀಳುತ್ತಿದ್ದಾರೆ. ಸೆನ್ನೆಫೆರ್‌ನ ಸಮಾಧಿಯಲ್ಲಂತೂ ಚಾವಣಿಗೆ ಚಾವಣಿಯೇ ದ್ರಾಕ್ಷಿಬಳ್ಳಿಯ ಚಿತ್ರ. ನಮ್ಮ ಹಿತ್ತಲ ಚಪ್ಪರ ಬಿದಿರು ಗಳ, ಅಡಿಕೆ ದಬ್ಬೆಗಳದ್ದು, ಎರಡು ಮಳೆಗಾಲ ತಡೆದರೆ ಹೆಚ್ಚು. ಪಡವಲ, ಹೀರೆ, ಸೋರೆ ನೆಲದಲ್ಲಿ ಹಬ್ಬಿದರೆ ಕಾಯಿ ಸೊಟ್ಟಗಾಗಿ ಮಣ್ಣಿಗೆ ತಾಗಿ ಕೊಳೆಯುತ್ತದೆ. ಚಪ್ಪರದಿಂದ ಇಳಿಬಿದ್ದರೆ ನೆಟ್ಟಗೆ ಬೆಳೆಯುತ್ತದೆ. ಅಷ್ಟೂ ಸಾಲದೆ ಪಡವಲದ ತುದಿಗೆ ಸಣ್ಣ ಕಲ್ಲು ಕಟ್ಟುವವರಿದ್ದಾರೆ.

ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಬೆಂಗಳೂರು ಬ್ಲೂ ದ್ರಾಕ್ಷಿ ಈ ಚಪ್ಪರವನ್ನು ಕಲ್ಲಿಗೆ ತಂದಿತು. ಸುತ್ತಲೂ ಬಂಡೆ ಇರುವ ಸೀಮೆ. ಸೀಳಿದ ಕಲ್ಲುಕಂಬ ನೆಟ್ಟು ಮೇಲೆ ತಂತಿ ಹೆಣೆದರು. ಎತ್ತರವನ್ನು ನಿರ್ಧರಿಸಿದ್ದು ಸೌಂದರ್ಯವಲ್ಲ, ಕೆಳಗೆ ನಿಂತು ಕೈಯೆತ್ತಿ ಗೊನೆ ಬಿಡಿಸುವ ಆಳಿನ ಆಳ್ತನ. ಆದರೆ ಕಲ್ಲು, ತಂತಿಗೆ ಮೊದಲೇ ಕೈತುಂಬ ಹಣ ಸುರಿಯಬೇಕು. ಮೇಲೆ ಸೊಪ್ಪು ದಟ್ಟವಾದರೆ ಗಾಳಿಯಾಡದೆ ಬೂದಿರೋಗಕ್ಕೆ ಹಬ್ಬ. ಅದಕ್ಕೇ ವೈ ಆಕಾರದ ಕಬ್ಬಿಣದ ಆಸರೆಗಳು ಬಂದವು. ರೆಂಬೆ ಎರಡು ಕಡೆಗೆ ಓರೆಯಾಗಿ ಹರಡುತ್ತದೆ, ಗೊನೆಗೆ ಗಾಳಿ, ಬೆಳಕು, ಔಷಧಿ ಸಿಂಪಡಣೆ ಎಲ್ಲವೂ ಸಿಗುತ್ತದೆ.

ರೈತರ ಈ ತಿಳಿವಳಿಕೆಯ ಹಿಂದಿನ ಕಾರಣಗಳನ್ನು ಬರೆದಿಟ್ಟವರಲ್ಲಿ ದೊಡ್ಡ ಹೆಸರು ಚಾರ್ಲ್ಸ್ ಡಾರ್ವಿನ್. ಅಮೆರಿಕದ ಏಸಾ ಗ್ರೇ ಕಳಿಸಿದ ಕಾಡುಸೌತೆಯ ಬೀಜ ಬಿತ್ತಿ, ಕಾಯಿಲೆಯ ದಿನಗಳಲ್ಲಿ ಕೋಣೆಯೊಳಗೇ ಅದನ್ನು ಗಮನಿಸಿದ. ಅದು ನಮ್ಮ ಹೀರೆ, ಹಾಗಲದ ಕುಟುಂಬದ್ದೇ. 1865ರಲ್ಲಿ ಪ್ರಕಟವಾದ ಅವನ ಪ್ರಬಂಧ ಬಳ್ಳಿಗಳನ್ನು ಕಾಂಡ ಸುತ್ತುವವು, ಎಲೆ ಅಥವಾ ಕುಡಿಬಳ್ಳಿಯಿಂದ ಹಿಡಿಯುವವು, ಕೊಕ್ಕೆಯವು, ಬೇರಿನವು ಎಂದು ವಿಂಗಡಿಸಿತು. ಕುಡಿಬಳ್ಳಿಯ ತುದಿ ಆಸರೆ ಹಿಡಿದ ಮೇಲೆ ಮಧ್ಯಭಾಗ ಸ್ಪ್ರಿಂಗಿನಂತೆ ಎರಡು ದಿಕ್ಕಿಗೆ ಸುರುಳಿಗೊಳ್ಳುತ್ತದೆ. ಗಾಳಿ ಜಗ್ಗಿದರೂ ಕಿತ್ತು ಬರುವುದಿಲ್ಲ. ಹಾಗಲಬಳ್ಳಿಗೆ ದಪ್ಪ ಕಂಬ ಕೊಟ್ಟರೆ ಪ್ರಯೋಜನವಿಲ್ಲ, ಕಡ್ಡಿಯೋ ಹುರಿಯೋ ಬೇಕು ಎಂಬುದು ಇಲ್ಲಿಂದ ಸ್ಪಷ್ಟ.

ಅಲಂಕಾರದ ತೋಟಗಳು ಈ ಪಾಠವನ್ನು ಅರ್ಧ ಕಲಿತವು. ಇಂಗ್ಲೆಂಡಿನ ಹೆಸ್ಟರ್‌ಕೂಂಬ್‌ನಲ್ಲಿ ವಾಸ್ತುಶಿಲ್ಪಿ ಲಟ್ಯೆನ್ಸ್ ಮತ್ತು ತೋಟ ವಿನ್ಯಾಸಕಿ ಗರ್ಟ್ರೂಡ್ ಜೀಕಿಲ್ ಸೇರಿ 20ನೇ ಶತಮಾನದ ಮೊದಲ ದಶಕದಲ್ಲಿ ರೂಪಿಸಿದ ಪರ್ಗೋಲಾದಲ್ಲಿ ಕಲ್ಲಿನ ಕಂಬಗಳೇ ಬಳ್ಳಿಯಷ್ಟೇ ಮುಖ್ಯ. ಬೆಂಗಳೂರು ದಂಡುಪ್ರದೇಶದ ಬಂಗಲೆಗಳ ವರಾಂಡಾಕ್ಕೆ ಮರದ ಜಾಲರಿ ಬಂತು. ಬಿಸಿಲಿಗೆ ಮರೆ, ಬಳ್ಳಿಗೆ ಏಣಿ. ಜಾಲರಿಯನ್ನು ಗೋಡೆಗೆ ಅಂಟಿಸಿ ಬಡಿದರೆ ಕಾಂಡಕ್ಕೆ ಸುತ್ತಲು ಜಾಗವಿಲ್ಲ, ಗೋಡೆಗೂ ತೇವ. ಮೂರು ನಾಲ್ಕು ಬೆರಳಿನಷ್ಟಾದರೂ ಸಂದು ಬೇಕು. ಪಶ್ಚಿಮಘಟ್ಟದ್ದೇ ಆದ ಥನ್‌ಬರ್ಜಿಯಾ ಮೈಸೊರೆನ್ಸಿಸ್‌ಗೆ ಮಾತ್ರ ಗೋಡೆಗಿಂತ ಚಪ್ಪರವೇ ಸರಿ. ಅದರ ಹಳದಿ-ಕೆಂಪು ಹೂಗೊಂಚಲು ಮೊಳದುದ್ದ ಕೆಳಕ್ಕೆ ತೂಗುತ್ತದೆ. ಚಪ್ಪರದಡಿ ನಡೆಯುವವರಿಗೇ ಅದರ ಸೊಬಗು.

ಇಂದಿನ ಪೇಟೆಯಲ್ಲಿ ಜಿಐ ಪೈಪು, ನೈಲಾನ್ ಬಲೆಗಳದ್ದೇ ಕಾರುಬಾರು. ತಾರಸಿಯ ತೊಂಡೆಗೆ, ಚಪ್ಪರದ ಅವರೆಗೆ ಬಲೆ ಸಾಕು, ಸುಗ್ಗಿ ಮುಗಿದ ಮೇಲೆ ಬಿಚ್ಚಿಡಬಹುದು. ಬೋಗನ್‌ವಿಲ್ಲಾಕ್ಕೆ ಅದು ಯಾತಕ್ಕೂ ಬಾರದು: ತಾನಾಗಿ ಸುತ್ತದೆ, ಮುಳ್ಳಿನಿಂದ ಸಿಕ್ಕಿಕೊಳ್ಳುತ್ತದೆ, ಕಾಂಡ ಮರವಾಗಿ ಬಲಿಯುತ್ತದೆ. ಅದಕ್ಕೆ ಭದ್ರ ಕಮಾನು, ವರ್ಷವರ್ಷ ಸವರುವ ಕೈ, ಸಡಿಲ ಕಟ್ಟು ಮೂರೂ ಬೇಕು. ಬಿಗಿಯಾಗಿ ಕಟ್ಟಿದ ತಂತಿ ಕಾಂಡದೊಳಗೇ ಹೂತುಹೋಗುತ್ತದೆ.

ಈಚಿನ ಹೊಸಬ ಡ್ರ್ಯಾಗನ್ ಫ್ರೂಟ್. ತುಮಕೂರು ಬಳಿಯ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಇದರ ಉತ್ಕೃಷ್ಟತಾ ಕೇಂದ್ರ 2023ರಲ್ಲಿ ಮಂಜೂರಾಯಿತು. ಕಾಂಕ್ರೀಟ್ ಕಂಬದ ಬುಡದಲ್ಲಿ ಸಾಮಾನ್ಯವಾಗಿ ನಾಲ್ಕು ಸಸಿ, ನೆತ್ತಿಯ ಮೇಲೊಂದು ಬಳೆ; ಕಾಂಡಗಳು ಹತ್ತಿ ಬಳೆಯ ಮೇಲಿಂದ ಇಳಿಬೀಳುತ್ತವೆ. ಕಳ್ಳಿ ಜಾತಿಯ ಈ ಗಿಡವೂ ತವರಿನ ಕಾಡಿನಲ್ಲಿ ಮೆಣಸಿನ ಹಾಗೆಯೇ ಬೇರೂರಿ ಮರ ಹತ್ತುವಂಥದ್ದು. ಇಲ್ಲಿ ಕಾಂಡದ ಭಾರ ವರ್ಷದಿಂದ ವರ್ಷಕ್ಕೆ ಏರುತ್ತದೆ, ಆದ್ದರಿಂದ ಕಂಬದ ಒಳಗಿನ ಸರಳಿನಲ್ಲಿ, ಹೂಳುವ ಗುಂಡಿಯ ಆಳದಲ್ಲಿ ಜಿಪುಣತನ ಮಾಡಿದರೆ ಫಸಲು ತುಂಬಿದ ವರ್ಷವೇ ಅದು ವಾಲುತ್ತದೆ.