ಪದ ಪರಿಚಯ: ಅರೇ, ಪಾಯಿಂಟರ್
‘ಅರೇ’ಗೆ ಮೂಲ, ಸಾಲಾಗಿ ಅಣಿಗೊಳಿಸು ಎಂಬರ್ಥದ ಹಳೆಯ ಫ್ರೆಂಚ್ ಪದ, ‘ಪಾಯಿಂಟರ್’ನ ಬೇರು ಲ್ಯಾಟಿನ್ನಿನಲ್ಲಿ, ಚುಚ್ಚಿದ ಗುರುತು. ಪ್ರೋಗ್ರಾಮಿಂಗ್‌ನಲ್ಲಿ ಇವುಗಳ ಅರ್ಥಕ್ಕೊಂದು ಹೋಲಿಕೆ: ಬಹರೇನಿನ ಮಾಹೂಝ್‌ನಲ್ಲಿ ಮನೆಯ ವಿಳಾಸವೆಂದರೆ ಕಟ್ಟಡ, ರಸ್ತೆ, ಬ್ಲಾಕ್‌ಗಳ ಸಂಖ್ಯೆ. ಅದನ್ನು ಬರೆದ ಚೀಟಿ ಪಾಯಿಂಟರ್. ಮನೆಗಳ ಸಾಲೇ ಅರೇ. ಚೀಟಿಯಲ್ಲಿ ಬೇರೆ ವಿಳಾಸ ಬರೆಯಬಹುದು, ಸಾಲು ಕದಲದು. 4 ಬೈಟ್‌ಗಳ 10 ಪೂರ್ಣಾಂಕಗಳ ಅರೇಗೆ, ಗಾತ್ರವನ್ನು ಬೈಟ್‌ಗಳಲ್ಲಿ ಹೇಳುವ ‘ಸಿ’ ಭಾಷೆಯ ‘ಸೈಜ್‌ಆಫ್’ 40 ಎನ್ನುತ್ತದೆ. 64 ಬಿಟ್ ಯಂತ್ರದ ಪಾಯಿಂಟರ್‌ಗೆ ಸಾಮಾನ್ಯವಾಗಿ 8.

ಅರೇ, ಪಾಯಿಂಟರ್ ಎರಡೂ ಒಂದೇ ಎಂಬ ಗೊಂದಲಕ್ಕೆ ಚರಿತ್ರೆಯಿದೆ. ‘ಸಿ’ಗೆ ಮೊದಲಿನ ‘ಬಿ’ ಭಾಷೆಯಲ್ಲಿ ಅರೇಯ ಹೆಸರು ನಿಜಕ್ಕೂ ವಿಳಾಸವಿಟ್ಟ ಕೋಶವಾಗಿತ್ತು. ‘ಸಿ’ಯನ್ನು ರೂಪಿಸಿದ ಡೆನ್ನಿಸ್ ರಿಚಿ ಆ ಕೋಶವನ್ನೇ ತೆಗೆದರು. ಲೆಕ್ಕದಲ್ಲಿ ಬಳಸಿದಾಗ ಹೆಸರು ಮೊದಲ ಅಂಶದ ವಿಳಾಸವಾಗುವಂತೆ ಮಾಡಿದರು. ನನಗಿದು ‘ಸಿ’ಯ ಅತ್ಯಂತ ಜಾಣ ತೀರ್ಮಾನ. ಆದರೆ ಅರೇಯನ್ನು ಕಳಿಸಿದಾಗ ಫಂಕ್ಷನ್‌ಗೆ ತಲುಪುವುದು ವಿಳಾಸ ಮಾತ್ರ. ಅರೇಯ ಉದ್ದವನ್ನೂ ಮರೆಯದೆ ಕಳಿಸಿ.