ಶಾಲೆಯ ಹಣದ ವಿನಿಯೋಗದಲ್ಲಿ ವಿದ್ಯಾರ್ಥಿಗಳ ಮತ

ಶಾಲೆಯ ಹಣದಲ್ಲಿ ಒಂದು ನಿಶ್ಚಿತ ಭಾಗವನ್ನು ಯಾವುದಕ್ಕೆ ವಿನಿಯೋಗಿಸಬೇಕೆಂಬುದನ್ನು ವಿದ್ಯಾರ್ಥಿಗಳೂ ಸೇರಿ ಚರ್ಚಿಸಿ, ಮತ ಹಾಕಿ ನಿರ್ಣಯಿಸುವ ಪದ್ಧತಿಯನ್ನು ಸಹಭಾಗಿತ್ವದ ಆಯವ್ಯಯವೆನ್ನುವರು. ಇದರ ಮೂಲ ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರ. ಅಲ್ಲಿ 1989ರಲ್ಲಿ ನಗರಾಡಳಿತದ ಹಣದ ಬಗೆಗೆ ನಾಗರಿಕರೇ ಸಭೆ ಸೇರಿ ಆದ್ಯತೆಗಳನ್ನು ಗೊತ್ತುಮಾಡತೊಡಗಿದರು.

ಫ್ರಾನ್ಸಿನ ಪ್ವಾತೂ-ಶಾರಾಂತ್ ಪ್ರಾಂತ್ಯವು 2005ರಲ್ಲಿ ಇದನ್ನು ತನ್ನ ಸರ್ಕಾರಿ ಪ್ರೌಢ ವಿದ್ಯಾಲಯಗಳಿಗೆ ಅನ್ವಯಿಸಿತು. ವರ್ಷಕ್ಕೆ ಸುಮಾರು 1 ಕೋಟಿ ಯೂರೋ ಮೀಸಲಿರಿಸಲಾಯಿತು. ವಿದ್ಯಾರ್ಥಿಗಳು, ಅಧ್ಯಾಪಕರು, ಪಾಲಕರು, ಸಿಬ್ಬಂದಿ ಒಟ್ಟಿಗೆ ಸೇರುತ್ತಿದ್ದರು. ಮೊದಲ ಸಭೆಯಲ್ಲಿ ಪ್ರಸ್ತಾವಗಳು ಬರುತ್ತಿದ್ದವು. ಪ್ರಾಂತ್ಯದ ಅಧಿಕಾರಿಗಳು ಅವುಗಳ ವೆಚ್ಚವನ್ನು ಲೆಕ್ಕಹಾಕಿದ ಬಳಿಕ ಎರಡನೆಯ ಸಭೆಯಲ್ಲಿ ಮತದಾನ ನಡೆಯುತ್ತಿತ್ತು. ಪ್ರತಿಯೊಬ್ಬರಿಗೂ ಹತ್ತು ಮತ. ಅಧ್ಯಾಪಕರ ಮತಕ್ಕೂ ವಿದ್ಯಾರ್ಥಿಯ ಮತಕ್ಕೂ ಒಂದೇ ತೂಕ. ವೇತನ ಮತ್ತು ಪಠ್ಯಕ್ರಮ ಕೇಂದ್ರ ಸರ್ಕಾರದ ವಿಷಯಗಳಾದ್ದರಿಂದ ಇದರ ವ್ಯಾಪ್ತಿಗೆ ಬರಲಿಲ್ಲ.

ಕರ್ನಾಟಕದ ಮಕ್ಕಳ ಗ್ರಾಮಸಭೆಗಳಲ್ಲಿಯೂ ಮಕ್ಕಳು ಶೌಚಾಲಯ, ಕುಡಿಯುವ ನೀರು, ಆಟದ ಮೈದಾನಗಳಿಗಾಗಿ ಕೇಳುತ್ತಾರೆ. ಆದರೆ ಅದು ಮನವಿ; ಹಣದ ಮೇಲಿನ ನಿರ್ಣಯವಲ್ಲ. ಮೊತ್ತ ನಿಗದಿಯಾಗದೆ, ಬಹುಮತಕ್ಕೆ ಆಡಳಿತ ಮಂಡಳಿ ಬದ್ಧವಾಗದೆ ಮಕ್ಕಳ ಅಭಿಪ್ರಾಯ ಕೇಳುವುದು ಉಪಚಾರವಾಗಿಯೇ ಉಳಿಯುತ್ತದೆ.

ಅಲ್ಲಮಪ್ರಭುದೇವರು ಅಧ್ಯಕ್ಷರಾಗಿದ್ದ ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರಿಗೂ, ಸ್ತ್ರೀಯರಿಗೂ ಮಾತಿನ ಹಕ್ಕಿತ್ತು. ಆ ಪರಂಪರೆಯನ್ನು ನೆನೆಯುವ ವಿದ್ಯಾಸಂಸ್ಥೆಗಳು ಸಣ್ಣ ಮೊತ್ತವೊಂದನ್ನಾದರೂ ವಿದ್ಯಾರ್ಥಿಗಳ ನಿರ್ಣಯಕ್ಕೆ ಒಪ್ಪಿಸಿ, ವರ್ಷಾಂತ್ಯದಲ್ಲಿ ಅದರ ಲೆಕ್ಕವನ್ನು ಅವರ ಮುಂದೆಯೇ ಓದಬೇಕು. ಭಕ್ತರ ದಾಸೋಹದಿಂದ ಬಂದ ಹಣ ಸಮಾಜದ್ದು. ಮಕ್ಕಳೂ ಆ ಸಮಾಜದವರೇ.